ಡ್ರ್ಯಾಗ್ ಕಾರಿಗೆ ಹಿಂದಿನ ಸ್ಪ್ರಿಂಗ್ ಆರಿಸುವುದು ಹೇಗೆ: ಮೊದಲ 60 ಅಡಿಗಾಗಿ ಸಮಗ್ರ ಮಾರ್ಗದರ್ಶಿ

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿ ಓಡುವ ಪಂದ್ಯ. ಓಟ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಒಂದು ಪುಟ್ಟ ಗೂಡಿನ ಕಿಟಕಿಯಿಂದ ಟೈಮ್ ಸ್ಲಿಪ್, ಅಂದರೆ ಸಮಯದ ಚೀಟಿ, ಕೊಡುತ್ತಾರೆ. ಬಹುತೇಕರ ಕಣ್ಣು ನೇರವಾಗಿ ಕೊನೆಯ ಸಾಲಿಗೆ ಇಳಿಯುತ್ತದೆ: ಕಾಲು ಮೈಲಿಗೆ ಎಷ್ಟು ಸೆಕೆಂಡು, ಗೆರೆ ದಾಟುವಾಗ ಎಷ್ಟು ವೇಗ. ನನ್ನ ಕಣ್ಣು ನಿಲ್ಲುವುದು ಮೇಲಿನಿಂದ ಎರಡನೆಯ ಸಾಲಿನಲ್ಲಿ, ಮೊದಲ 60 ಅಡಿ ದಾಟಲು ಹಿಡಿದ ಸಮಯದಲ್ಲಿ. ಅಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಸಿದರೆ ಕೊನೆಯ ಸಾಲಿನಲ್ಲಿ ಅದು ಒಂದೂವರೆ ಪಟ್ಟಾಗಿ, ಕೆಲವೊಮ್ಮೆ ಇನ್ನೂ ಹೆಚ್ಚಾಗಿ ಮರಳುತ್ತದೆ ಎಂಬುದು ಸ್ಟ್ರಿಪ್‌ನ, ಅಂದರೆ ಈ ಓಟದ ಹಾದಿಯ, ಹಳಬರ ಲೆಕ್ಕ. ಎಂಜಿನ್‌ಗೆ ಸುರಿದ ಹಣ ಕೊಡದ ಲಾಭವನ್ನು ಎಷ್ಟೋ ಸಲ ಹಿಂದಿನ ಸಸ್ಪೆನ್ಷನ್ ಕೊಡುತ್ತದೆ.

ಆದರೆ ಈ ಸಸ್ಪೆನ್ಷನ್ ವಿಷಯದಲ್ಲಿ ಮೊದಲು ನಾನೂ ಮೋಸ ಹೋದವನೇ. ಮಿಶಿಗನ್‌ನಲ್ಲಿ ಹಳೆಯ ಮಸ್ಟಾಂಗ್ ಕೊಂಡ ವರ್ಷ, ಬಿಡಿಭಾಗಗಳ ಅಂಗಡಿಯೊಂದರಲ್ಲಿ ‘ಹಿಂದೆ ಮೆತ್ತಗಿದ್ದಷ್ಟೂ ಒಳ್ಳೆಯದು, ಕಾರು ಕುಳಿತರೆ ಟೈರು ಹಿಡಿಯುತ್ತದೆ’ ಎಂದರು. ಅವರಲ್ಲಿದ್ದ ಅತಿ ಮೆತ್ತನೆಯ ಸ್ಪ್ರಿಂಗ್ ಹಾಕಿಸಿದೆ. ಹಿಂಭಾರವಾದ ಎತ್ತಿನ ಗಾಡಿಯ ಮೂಕಿ ಮೇಲೇಳುವ ಹಾಗೆ ಕಾರಿನ ಮೂತಿ ಆಕಾಶ ನೋಡಿತು. ಗೆಳೆಯ ತೆಗೆದ ಫೋಟೋ ಈಗಲೂ ಗೋಡೆಯ ಮೇಲಿದೆ. ಬಲಗಡೆಯ ಟೈರು ಮಾತ್ರ ಹೊಗೆ ಕಾರುತ್ತ ನಿಂತಲ್ಲೇ ತಿರುಗಿತು, 60 ಅಡಿಯ ಸಮಯ ಹಳೆಯ ಸ್ಪ್ರಿಂಗ್‌ಗಿಂತ ಕೆಟ್ಟಿತು. ಹಾಗಾದರೆ ಸ್ಪ್ರಿಂಗ್‌ನ ಕೆಲಸವೇನು ಎಂದು ನಾನು ಲೆಕ್ಕ ಹಾಕಲು ಕುಳಿತದ್ದು ಆ ಸಂಜೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 1979ರಿಂದ 1993ರವರೆಗೆ ಬಂದ, ‘ಫಾಕ್ಸ್ ಬಾಡಿ’ ಎಂದು ಕರೆಯುವ ಫೋರ್ಡ್ ಮಸ್ಟಾಂಗ್. ಅಮೆರಿಕದ ಯಾವ ಸ್ಟ್ರಿಪ್‌ಗೆ ಹೋದರೂ ಒಂದಾದರೂ ಕಾಣುವ ಕಾರು ಇದು. ಲೆಕ್ಕ ಮಾತ್ರ ಹಿಂಚಕ್ರ ಚಾಲನೆಯ, ಗಟ್ಟಿ ಆಕ್ಸಲ್‌ನ (ಎರಡೂ ಹಿಂಚಕ್ರಗಳನ್ನು ಒಂದೇ ತೊಲೆ ಜೋಡಿಸುವ) ಎಲ್ಲ ಕಾರುಗಳಿಗೂ ಒಂದೇ. ಸ್ಪ್ರಿಂಗ್‌ಗಳನ್ನು ಅಲ್ಲಿ ಪೌಂಡ್ ಮತ್ತು ಇಂಚುಗಳಲ್ಲೇ ಮಾರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ಇಂಚಿಗೆ 130 ಪೌಂಡ್‌ನ ಸ್ಪ್ರಿಂಗ್ ಎಂದರೆ ಅದನ್ನು ಒಂದು ಇಂಚು ಅದುಮಲು 130 ಪೌಂಡ್, ಅಂದರೆ ಸುಮಾರು 59 ಕಿಲೋ ಭಾರ ಬೇಕು. ಎರಡು ಇಂಚಿಗೆ ಅದರ ಇಮ್ಮಡಿ.

ಮೊದಲು ಒಂದು ಭ್ರಮೆ ಕಳೆದುಕೊಳ್ಳಬೇಕು

ಕಾರು ಮುನ್ನುಗ್ಗುವಾಗ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳಿಗೆ ತೂಕ ವರ್ಗವಾಗುತ್ತದೆ. ಎಷ್ಟು? ಕಾರಿನ ತೂಕವನ್ನು ವೇಗೋತ್ಕರ್ಷದಿಂದ ಗುಣಿಸಿ, ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರದಿಂದ ಭಾಗಿಸಿದರೆ ಸಿಗುವಷ್ಟು. ಚಾಲಕನೂ ಸೇರಿ 3,300 ಪೌಂಡ್ ತೂಗುವ ಫಾಕ್ಸ್ ಮಸ್ಟಾಂಗ್, 1 ಜಿ (ಗುರುತ್ವದಷ್ಟೇ) ವೇಗೋತ್ಕರ್ಷ, ಗುರುತ್ವ ಕೇಂದ್ರ 20 ಇಂಚು ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ, ಆಕ್ಸಲ್‌ಗಳ ನಡುವೆ 100.5 ಇಂಚು: ಸುಮಾರು 657 ಪೌಂಡ್ ಹಿಂದಕ್ಕೆ ಬರುತ್ತದೆ.

ಈ ಸೂತ್ರದಲ್ಲಿ ಸ್ಪ್ರಿಂಗ್ ಎಲ್ಲಿದೆ? ಎಲ್ಲೂ ಇಲ್ಲ. ಮೆತ್ತನೆಯದು ಹಾಕಿದರೂ ಗಟ್ಟಿಯದು ಹಾಕಿದರೂ 657 ಪೌಂಡ್ 657 ಆಗಿಯೇ ಉಳಿಯುತ್ತದೆ. ಮೂತಿ ಎದ್ದಾಗ ಗುರುತ್ವ ಕೇಂದ್ರ ಒಂದಿಷ್ಟು ಮೇಲೇರುವುದರಿಂದ ಸಿಗುವುದು ಚಿಲ್ಲರೆ. ತೂಕದ ವರ್ಗಾವಣೆಯನ್ನು ನಿಜಕ್ಕೂ ಹೆಚ್ಚಿಸಬೇಕೆಂದರೆ ಕಾರನ್ನೇ ಎತ್ತರಿಸಬೇಕು. 1950ರ ದಶಕದ ಕೊನೆಯಲ್ಲಿ ಕ್ರೈಸ್ಲರ್‌ನ ಯುವ ಎಂಜಿನಿಯರುಗಳು ಕಟ್ಟಿಕೊಂಡ ರಾಮ್‌ಚಾರ್ಜರ್ಸ್ ಕ್ಲಬ್ ಮಾಡಿದ್ದು ಇದನ್ನೇ. 1949ರ ಪ್ಲಿಮತ್ ಒಂದನ್ನು ಕಾಲಿಗೆ ಮರಗಾಲು ಕಟ್ಟಿದಂತೆ ಎತ್ತರಿಸಿದರು, ‘ಹೈ ಆ್ಯಂಡ್ ಮೈಟಿ’ ಎಂದು ಹೆಸರಿಟ್ಟರು. ನೋಡಿದವರು ನಕ್ಕಿರಬಹುದು, ಆದರೆ ಲೆಕ್ಕ ಅವರ ಕಡೆಗಿತ್ತು.

ಹಾಗಿದ್ದರೆ ಹಿಂದಿನ ಸ್ಪ್ರಿಂಗ್ ಯಾಕೆ ಬೇಕು? ಎರಡು ಕೆಲಸಕ್ಕೆ. ಒಂದು, ಕಾರನ್ನು ಸರಿಯಾದ ಎತ್ತರದಲ್ಲಿ ಹಿಡಿದು ನಿಲ್ಲಿಸಿ ಆಕ್ಸಲ್ ಅನ್ನು ಬಾಡಿಗೆ ಜೋಡಿಸುವ ಸಸ್ಪೆನ್ಷನ್ ತೋಳುಗಳ ಕೋನ ಕೆಡದಂತೆ ಕಾಯುವುದು. ಇನ್ನೊಂದು, ಬಂದ ತೂಕವನ್ನು ಎಡ ಮತ್ತು ಬಲ ಟೈರುಗಳಿಗೆ ಸಮನಾಗಿ ಹಂಚುವುದು. ನನ್ನ ಮೆತ್ತನೆಯ ಸ್ಪ್ರಿಂಗ್ ಎರಡರಲ್ಲೂ ಸೋತಿತ್ತು.

ಬಲ ಟೈರಿನ ಕಥೆ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸ್ಪ್ರಿಂಗ್ ಆಯ್ಕೆಯ ಅರ್ಧ ಗುಟ್ಟು ಇಲ್ಲಿದೆ.

ಎಂಜಿನ್‌ನ ತಿರುಚುಬಲ ಡ್ರೈವ್‌ಶಾಫ್ಟ್ ಮೂಲಕ ಹಿಂದಿನ ಆಕ್ಸಲ್‌ಗೆ ಬರುತ್ತದೆ. ಅಲ್ಲಿ ಚಕ್ರ ತಿರುಗಿಸುವುದರ ಜೊತೆಗೆ ಆಕ್ಸಲ್‌ನ ಇಡೀ ಕವಚವನ್ನೇ ತಿರುಚಲು ನೋಡುತ್ತದೆ: ಎಡ ಟೈರನ್ನು ನೆಲಕ್ಕೆ ಒತ್ತುತ್ತದೆ, ಬಲ ಟೈರನ್ನು ಎತ್ತುತ್ತದೆ. 1987ರಿಂದ 1992ರವರೆಗಿನ 5.0 ಲೀಟರ್ ಮಸ್ಟಾಂಗ್‌ಗೆ ಕಾರ್ಖಾನೆ ಹೇಳಿದ ತಿರುಚುಬಲ 300 ಪೌಂಡ್-ಅಡಿ. ಅದರ ಟಿ-5 ಗೇರ್‌ಬಾಕ್ಸ್‌ನ ಮೊದಲ ಗೇರ್ 3.35. ಗುಣಿಸಿದರೆ ಡ್ರೈವ್‌ಶಾಫ್ಟ್‌ನಲ್ಲಿ ಸುಮಾರು 1,005 ಪೌಂಡ್-ಅಡಿ. ಹಿಂದಿನ ಎರಡು ಟೈರುಗಳ ನಡುವೆ ಸುಮಾರು 4.75 ಅಡಿ. ಭಾಗಿಸಿದರೆ 210 ಪೌಂಡ್ ಚಿಲ್ಲರೆ. ಎಡ ಟೈರಿಗೆ ಅಷ್ಟು ಹೆಚ್ಚು, ಬಲ ಟೈರಿಗೆ ಅಷ್ಟು ಕಡಿಮೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ಎಂಜಿನ್‌ನ ಮಾತು ಇದು.

ಅದೃಷ್ಟವಶಾತ್ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಎಂಜಿನ್ ಕುಳಿತಿರುವುದು ಬಾಡಿಯ ಮೇಲೆ. ಆಕ್ಸಲ್ ಒಂದು ದಿಕ್ಕಿಗೆ ತಿರುಚಿದರೆ ಬಾಡಿ ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಿರುಚುತ್ತದೆ. ಎಡ ಮುಂಭಾಗ ಏಳುವುದು, ಬಲ ಹಿಂಭಾಗ ಕುಳಿತುಕೊಳ್ಳುವುದು ಅದರಿಂದಲೇ. ಹಾಗೆ ವಾಲುವ ಬಾಡಿಯನ್ನು ತಡೆಯುವವರು ಯಾರು? ಮುಂದಿನ ಸಸ್ಪೆನ್ಷನ್ ಒಂದಿಷ್ಟು, ಹಿಂದಿನ ಸಸ್ಪೆನ್ಷನ್ ಒಂದಿಷ್ಟು. ಹಿಂದಿನದು ತಡೆದಷ್ಟು ಪಾಲು ಬಲಗಡೆಯ ಸ್ಪ್ರಿಂಗ್ ಮೂಲಕ ಆಕ್ಸಲ್‌ಗೇ ಮರಳಿ ಬಂದು ಆ 210 ಪೌಂಡ್‌ನಲ್ಲಿ ವಜಾ ಆಗುತ್ತದೆ. ಮುಂದಿನದು ತಡೆದಷ್ಟು ಪಾಲು ಹಿಂದಿನ ಟೈರುಗಳ ಪಾಲಿಗೆ ನಷ್ಟ. ಹಿಂದಿನ ಪಾಲು ನೂರಕ್ಕೆ 60 ಇದ್ದರೆ ಉಳಿಯುವ ವ್ಯತ್ಯಾಸ ಎಡಕ್ಕೂ ಬಲಕ್ಕೂ ಸುಮಾರು 84 ಪೌಂಡ್. ಪಾಲು ನೂರಕ್ಕೆ ನೂರು ಆದರೆ ವ್ಯತ್ಯಾಸವೇ ಇಲ್ಲ.

ಬಾಡಿಯ ಬಲ ಹಿಂಭಾಗ ಕುಳಿತದ್ದನ್ನು ಕಂಡು ‘ಬಲ ಟೈರಿಗೆ ಭಾರ ಬಿದ್ದಿದೆ’ ಎಂದುಕೊಳ್ಳುವುದು ಸಹಜ. ಆದರೆ ಅದೇ ಕ್ಷಣದಲ್ಲಿ ಕೆಳಗೆ ಆಕ್ಸಲ್ ಬಲಗಡೆ ಏಳಲು ಹವಣಿಸುತ್ತಿರುತ್ತದೆ. ಕುಳಿತ ಬಾಡಿ, ಏಳುವ ಆಕ್ಸಲ್, ನಡುವೆ ಸ್ಪ್ರಿಂಗ್. ಆ ಸ್ಪ್ರಿಂಗ್‌ಗೆ ಕಸುವಿಲ್ಲದಿದ್ದರೆ ಬಾಡಿಯ ವಾಲುವಿಕೆಯನ್ನು ಮುಂದಿನ ಸಸ್ಪೆನ್ಷನ್ ಹೊತ್ತುಕೊಳ್ಳುತ್ತದೆ, ಬಲ ಟೈರು ಬಡವಾಗುತ್ತದೆ.

ಡ್ರ್ಯಾಗ್ ಕಾರುಗಳಲ್ಲಿ ಮುಂದಿನ ಆ್ಯಂಟಿ-ರೋಲ್ ಬಾರ್ (ಬಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸಲಾಕೆ) ಕಿತ್ತುಹಾಕಿ ಹಿಂದೆ ದಪ್ಪನೆಯದನ್ನು ಹಾಕುವುದರ ಅರ್ಥ ಈಗ ತಿಳಿಯಿತಲ್ಲವೇ? ಅದು ತೂಕ ಇಳಿಸುವ ಉಪಾಯವಷ್ಟೇ ಅಲ್ಲ.

ಹಂತ 1: ತೂಗಿ, ಊಹಿಸಬೇಡಿ

ಓಟಕ್ಕೆ ಹೋಗುವ ಸ್ಥಿತಿಯಲ್ಲೇ ಕಾರನ್ನು ನಾಲ್ಕು ಚಕ್ರದ ತಕ್ಕಡಿಗಳ ಮೇಲೆ ನಿಲ್ಲಿಸಿ. ಚಾಲಕ ಆಸನದಲ್ಲಿರಬೇಕು, ಹೆಲ್ಮೆಟ್ ಧರಿಸಿರಬೇಕು, ಟ್ಯಾಂಕಿನಲ್ಲಿ ಎಂದಿನಷ್ಟು ಇಂಧನ ಇರಬೇಕು, ಓಟದ ಟೈರುಗಳೇ ಇರಬೇಕು. ನೆಲ ಸಮತಟ್ಟಾಗಿರಲಿ. ತಕ್ಕಡಿ ಸ್ವಂತಕ್ಕೆ ಕೊಳ್ಳುವಷ್ಟು ಅಗ್ಗವಲ್ಲ. ಒಂದು ಮಧ್ಯಾಹ್ನಕ್ಕೆ ಎರವಲು ಕೊಡುವವರು ಸಿಗುತ್ತಾರೆ.

ಬಂದ ಅಂಕಿಯಿಂದ ಸ್ಪ್ರಿಂಗ್ ಹೊರದ ಭಾಗದ ತೂಕ ಕಳೆಯಬೇಕು: ಆಕ್ಸಲ್, ಚಕ್ರ, ಟೈರು, ಬ್ರೇಕು, ತೋಳುಗಳ ಅರ್ಧ ಭಾಗ. ನಮ್ಮ ಉದಾಹರಣೆಯಲ್ಲಿ ಹಿಂದಿನ ಎರಡು ಚಕ್ರಗಳ ಮೇಲೆ 1,420 ಪೌಂಡ್, ಸ್ಪ್ರಿಂಗ್ ಹೊರದ ಭಾಗ 320 ಎಂದಿಟ್ಟುಕೊಂಡರೆ ಉಳಿಯುವುದು 1,100. ಒಂದೊಂದು ಸ್ಪ್ರಿಂಗ್‌ಗೆ 550.

‘ಇಂಥ ಕಾರಿಗೆ ಇಂಥ ಸ್ಪ್ರಿಂಗ್’ ಎಂಬ ಸಿದ್ಧ ಪಟ್ಟಿಗಳು ಎಡವುವುದು ಇಲ್ಲೇ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದವನ ಕಾರೂ ಹಿಂದಿನ ಸೀಟು ಕಿತ್ತವನ ಕಾರೂ ಆ ಪಟ್ಟಿಗೆ ಒಂದೇ.

ಹಂತ 2: ತೋಳುಗಳ ಗೆರೆ ಎಳೆಯಿರಿ

ಆ 657 ಪೌಂಡ್ ಹಿಂದಿನ ಟೈರುಗಳನ್ನು ತಲುಪಲು ಎರಡು ದಾರಿಗಳಿವೆ. ಒಂದು ಸ್ಪ್ರಿಂಗ್ ಮೂಲಕ: ಬಾಡಿ ಕುಳಿತು ಸ್ಪ್ರಿಂಗ್ ಅದುಮಿ ತಲುಪುವ ನಿಧಾನದ ದಾರಿ. ಇನ್ನೊಂದು ಸಸ್ಪೆನ್ಷನ್ ತೋಳುಗಳ ಮೂಲಕ: ಉಕ್ಕಿನ ಸಲಾಕೆಯ ಒಂದು ತುದಿಗೆ ಹೊಡೆದರೆ ಇನ್ನೊಂದು ತುದಿಗೆ ತಕ್ಷಣ ತಾಗುವಂತೆ ತಲುಪುವ ದಾರಿ. ಎಷ್ಟು ಪಾಲು ಯಾವ ದಾರಿಯಲ್ಲಿ ಹೋಗಬೇಕೆಂದು ನಿರ್ಧರಿಸುವುದೇ ಆ್ಯಂಟಿ-ಸ್ಕ್ವಾಟ್.

ಅದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಡ. ಒಂದು ಗ್ರಾಫ್ ಹಾಳೆ ಸಾಕು. ಕಾರನ್ನು ಪಕ್ಕದಿಂದ ನೋಡಿದಂತೆ ಬರೆಯಿರಿ, ಹತ್ತಕ್ಕೆ ಒಂದರ ಅಳತೆಯಲ್ಲಿ. ಮೇಲಿನ ತೋಳಿನ ಎರಡು ಬೋಲ್ಟುಗಳ ಎತ್ತರ ಮತ್ತು ಆಕ್ಸಲ್‌ನಿಂದ ಅವುಗಳ ದೂರ, ಕೆಳಗಿನ ತೋಳಿನದೂ ಹಾಗೆಯೇ. ಎರಡೂ ತೋಳುಗಳ ಗೆರೆಗಳನ್ನು ಮುಂದಕ್ಕೆ ಎಳೆದಾಗ ಅವು ಕೂಡುವ ಬಿಂದುವೇ ಇನ್‌ಸ್ಟಂಟ್ ಸೆಂಟರ್. ಈಗ ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಒಂದು ಗೆರೆ ಎಳೆದು, ಅದು ಮುಂದಿನ ಆಕ್ಸಲ್‌ನ ನೇರದಲ್ಲಿ ಎಷ್ಟು ಎತ್ತರ ಮುಟ್ಟುತ್ತದೆ ನೋಡಿ. ಗುರುತ್ವ ಕೇಂದ್ರದಷ್ಟೇ ಎತ್ತರ, ನಮ್ಮಲ್ಲಿ 20 ಇಂಚು, ಮುಟ್ಟಿದರೆ ನೂರಕ್ಕೆ ನೂರು. 24 ಇಂಚು ಮುಟ್ಟಿದರೆ 120.

ನೂರಕ್ಕೆ ನೂರು ಇದ್ದರೆ ಎಲ್ಲ ತೂಕವೂ ತೋಳುಗಳ ಮೂಲಕವೇ ಹೋಗುತ್ತದೆ, ಹಿಂಭಾಗ ಏಳುವುದೂ ಇಲ್ಲ, ಕೂರುವುದೂ ಇಲ್ಲ. ನೂರಕ್ಕಿಂತ ಹೆಚ್ಚಾದರೆ ಬಾಡಿ ಏಳುತ್ತದೆ, ಟೈರು ನೆಲಕ್ಕೆ ಬಡಿಯುತ್ತದೆ. ಕಡಿಮೆಯಾದರೆ ಕಾರು ಕುಳಿತುಕೊಳ್ಳುತ್ತದೆ. ವೇಗದ ಕಾರುಗಳ ಹಿಂಭಾಗ ಹೊರಡುವಾಗ ಒಂದಿಷ್ಟು ಏಳುವುದನ್ನು ಗಮನಿಸಿ ನೋಡಿ. ಕುಳಿತುಕೊಳ್ಳುವುದೇ ಲಕ್ಷಣ ಎಂಬ ನಂಬಿಕೆ ಅಲ್ಲೇ ಕರಗುತ್ತದೆ.

ಸ್ಪ್ರಿಂಗ್‌ಗೂ ಇದಕ್ಕೂ ಏನು ನಂಟು? ಎತ್ತರ. ಕೆಳಮಟ್ಟದ ಸೊಗಸಿಗಾಗಿ ಹಿಂದಿನ ಸ್ಪ್ರಿಂಗ್ ಕತ್ತರಿಸಿದರೆ ತೋಳುಗಳ ಮುಂತುದಿಗಳು ಬಾಡಿಯೊಂದಿಗೆ ಇಳಿಯುತ್ತವೆ, ಇನ್‌ಸ್ಟಂಟ್ ಸೆಂಟರ್ ಇಳಿಯುತ್ತದೆ, ಆ್ಯಂಟಿ-ಸ್ಕ್ವಾಟ್ ಕುಸಿಯುತ್ತದೆ. ಆದ್ದರಿಂದ ಮೊದಲು ತೋಳುಗಳು ಕೇಳುವ ಎತ್ತರ ಗೊತ್ತುಮಾಡಿ, ಆಮೇಲೆ ಆ ಎತ್ತರದಲ್ಲಿ ಕಾರನ್ನು ಹಿಡಿಯುವ ಸ್ಪ್ರಿಂಗ್ ಹುಡುಕಿ. ಕತ್ತರಿಸುವುದರಿಂದ ಇನ್ನೊಂದು ಪರಿಣಾಮವೂ ಇದೆ: 8 ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಹೋದರೆ ಅದು ನೂರಕ್ಕೆ 14ರಷ್ಟು ಗಟ್ಟಿಯಾಗುತ್ತದೆ. ತಂತಿಯ ದಪ್ಪದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದಪ್ಪ ನೂರಕ್ಕೆ 10 ಹೆಚ್ಚಿದರೆ ಗಟ್ಟಿತನ ನೂರಕ್ಕೆ 46 ಏರುತ್ತದೆ. ಕಣ್ಣಳತೆಯಲ್ಲಿ ಒಂದೇ ಎನಿಸುವ ಎರಡು ಸ್ಪ್ರಿಂಗ್‌ಗಳು ಬೇರೆಬೇರೆ ಲೋಕದವಾಗಿರಬಹುದು.

ಹಂತ 3: ಸ್ಪ್ರಿಂಗ್ ಎಲ್ಲಿ ಕುಳಿತಿದೆ?

ಫಾಕ್ಸ್ ಮಸ್ಟಾಂಗ್‌ನಲ್ಲಿ ಕಾರ್ಖಾನೆಯ ಸ್ಪ್ರಿಂಗ್ ಆಕ್ಸಲ್ ಮೇಲಿಲ್ಲ, ಅದಕ್ಕಿಂತ ಮುಂದೆ ಕೆಳಗಿನ ತೋಳಿನ ಮೇಲಿದೆ. ಚಕ್ರ ಒಂದು ಇಂಚು ಎದ್ದಾಗ ಸ್ಪ್ರಿಂಗ್ ಅದಕ್ಕಿಂತ ಕಡಿಮೆ ಅದುಮುತ್ತದೆ. ಈ ಅನುಪಾತದ ವರ್ಗದಿಂದ ಸ್ಪ್ರಿಂಗ್‌ನ ಗಟ್ಟಿತನವನ್ನು ಗುಣಿಸಿದಾಗ ಚಕ್ರಕ್ಕೆ ನಿಜವಾಗಿ ಸಿಗುವ ಗಟ್ಟಿತನ ಬರುತ್ತದೆ. ಅನುಪಾತ 0.7 ಇದ್ದರೆ ವರ್ಗ 0.49. ಪೆಟ್ಟಿಗೆಯ ಮೇಲೆ 200 ಎಂದು ಬರೆದದ್ದು ಚಕ್ರದ ಪಾಲಿಗೆ 98.

ನಿಮ್ಮ ಕಾರಿನದನ್ನು ಅಳೆಯುವುದು ಅರ್ಧ ಗಂಟೆಯ ಕೆಲಸ. ಬಾಡಿಯನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಆಕ್ಸಲ್‌ಗೆ ಜ್ಯಾಕ್ ಕೊಟ್ಟು, ಸ್ಪ್ರಿಂಗ್‌ಗಳನ್ನು ತೆಗೆಯಿರಿ. ಓಡುವ ಎತ್ತರಕ್ಕೆ ಆಕ್ಸಲ್ ತಂದು ಸ್ಪ್ರಿಂಗ್‌ನ ಮೇಲಿನ ಮತ್ತು ಕೆಳಗಿನ ಪೀಠಗಳ ನಡುವಿನ ಅಂತರ ಅಳೆಯಿರಿ. ಆಕ್ಸಲ್ ಎರಡು ಇಂಚು ಎತ್ತಿ ಮತ್ತೆ ಅಳೆಯಿರಿ. ಅಂತರ ಎಷ್ಟು ಕುಗ್ಗಿತೋ ಅದನ್ನು ಎರಡರಿಂದ ಭಾಗಿಸಿ. ಆಯಿತು. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ಮಲಗುವವರನ್ನು ನೋಡಿದ್ದೇನೆ. ಅವರಿಗೆ ಸ್ಪ್ರಿಂಗ್ ಬಗ್ಗೆ ಬರೆಯುವುದರಲ್ಲಿ ಅರ್ಥವಿಲ್ಲ.

ಕಾಯಿಲ್-ಓವರ್ ಹಾಕಿದರೆ, ಅಂದರೆ ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಕೂರಿಸಿದರೆ, ಅದು ಆಕ್ಸಲ್ ಮೇಲೇ ಬರುವುದರಿಂದ ಅನುಪಾತ ಹತ್ತಿರಹತ್ತಿರ 1 ಆಗುತ್ತದೆ. ಹಾಗಾಗಿಯೇ ಹಳೆಯ ಜಾಗಕ್ಕೆ 200ಕ್ಕೂ ಮೇಲಿನದು ಬೇಕಾಗುವ ಕಾರಿಗೆ ಕಾಯಿಲ್-ಓವರ್‌ನಲ್ಲಿ 130 ಸಾಕಾಗುತ್ತದೆ. ಹಳೆಯ ಅಂಕಿಯನ್ನೇ ಹೊಸ ಜಾಗಕ್ಕೆ ಒಯ್ಯುವುದು ಸಾಮಾನ್ಯ ತಪ್ಪು. ಶಾಕ್ ಓರೆಯಾಗಿದ್ದರೆ ಆ ಕೋನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 15 ಡಿಗ್ರಿ ವಾಲಿದ್ದರೆ 130ರ ಸ್ಪ್ರಿಂಗ್ ಚಕ್ರಕ್ಕೆ 121 ಆಗಿ ಕಾಣುತ್ತದೆ.

ಹಂತ 4: ಗಟ್ಟಿತನ ಮತ್ತು ಉದ್ದ, ಎರಡೂ ಒಟ್ಟಿಗೆ

ನಮ್ಮ ಕಾರಿಗೆ 15 ಡಿಗ್ರಿ ವಾಲಿದ ಕಾಯಿಲ್-ಓವರ್, 12 ಇಂಚು ಉದ್ದದ ಸ್ಪ್ರಿಂಗ್ ಎಂದುಕೊಳ್ಳೋಣ. ಒಂದು ಬದಿಗೆ 550 ಪೌಂಡ್ ಹೊರಬೇಕು. ಓರೆಯ ದೆಸೆಯಿಂದ ಸ್ಪ್ರಿಂಗ್ ಅದುಮಬೇಕಾದ ಬಲ 569. ಇದನ್ನು ಹೊರಲು 110ರ ಸ್ಪ್ರಿಂಗ್ 5.2 ಇಂಚು ಕುಗ್ಗುತ್ತದೆ, 130ರದ್ದು 4.4, 150ರದ್ದು 3.8, 175ರದ್ದು 3.25.

ಶಾಕ್‌ನ ಚಲನೆಯ ಸುಮಾರು ನಡುಮಧ್ಯದಲ್ಲಿ ಕಾರು ನಿಲ್ಲಬೇಕು. ಏಳುವುದಕ್ಕೂ ಜಾಗ ಬೇಕು, ಕೂರುವುದಕ್ಕೂ. ನಮ್ಮ ಶಾಕ್ ಇನ್ನೂ 3.5 ಇಂಚು ಚಾಚಬಲ್ಲದು ಎಂದರೆ 175ರ ಸ್ಪ್ರಿಂಗ್ 3.25 ಇಂಚು ಚಾಚಿದ ಮೇಲೆ ಪೀಠ ಬಿಟ್ಟು ಸಡಿಲವಾಗುತ್ತದೆ. ಇತ್ತ 130ರದ್ದು ನಿಂತ ಸ್ಥಿತಿಯಲ್ಲಿ 7.6 ಇಂಚು ಉದ್ದ ಇರುತ್ತದೆ. ಕೆಳಕ್ಕೆ 2 ಇಂಚು ಚಲನೆ, ಅರ್ಧ ಇಂಚು ಮೀಸಲು ಕಳೆದರೆ, ಪೂರ್ತಿ ಅದುಮಿದಾಗ ಅದರ ಉದ್ದ 5.1 ಇಂಚಿಗಿಂತ ಕಡಿಮೆ ಇರಬೇಕು. ತಯಾರಕರ ಪಟ್ಟಿಯಲ್ಲಿ ಆ ಅಂಕಿ ಇರುತ್ತದೆ, ನೋಡಿಯೇ ಕೊಳ್ಳಿ. ಸುತ್ತುಗಳು ಒಂದಕ್ಕೊಂದು ಅಂಟಿದ ಕ್ಷಣ ಸ್ಪ್ರಿಂಗ್ ಕಬ್ಬಿಣದ ದಿಮ್ಮಿಯಾಗುತ್ತದೆ, ಟೈರು ಪುಟಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕುಗ್ಗುವ 110 ಅನ್ನೂ ಬಿಟ್ಟರೆ ಈಗ ಉಳಿದದ್ದು 130 ಮತ್ತು 150. ಆ್ಯಂಟಿ-ಸ್ಕ್ವಾಟ್ 120 ಇದ್ದರೆ, ಒಂದು ಬದಿಗೆ ಬರುವ 328 ಪೌಂಡ್‌ನ ಐದನೆಯ ಒಂದು ಭಾಗ, ಸುಮಾರು 66 ಪೌಂಡ್, ಬಾಡಿಯನ್ನು ಎತ್ತುತ್ತದೆ. 130ರ ಸ್ಪ್ರಿಂಗ್‌ನೊಂದಿಗೆ ಹಿಂಭಾಗ ಅರ್ಧ ಇಂಚು ಚಿಲ್ಲರೆ ಏಳುತ್ತದೆ, 200ರದ್ದಾದರೆ ಮೂರನೆಯ ಒಂದು ಇಂಚು. ಬಹಳ ವ್ಯತ್ಯಾಸವಿಲ್ಲ. ಆ್ಯಂಟಿ-ಸ್ಕ್ವಾಟ್ ಸೊನ್ನೆ ಇದ್ದಿದ್ದರೆ ಅದೇ 130ರೊಂದಿಗೆ ಕಾರು 2.7 ಇಂಚು ಕೂರುತ್ತಿತ್ತು. ಅಂದರೆ ತೋಳುಗಳು ಸರಿಯಿದ್ದರೆ ಹಿಂದುಮುಂದಿನ ವಾಲಿಕೆಗೆ ಸ್ಪ್ರಿಂಗ್‌ನ ಗಟ್ಟಿತನ ಅಷ್ಟೇನೂ ಮುಖ್ಯವಲ್ಲ.

ಹಾಗಾಗಿ ನಾನು ಈ ಎರಡರ ನಡುವೆ ತೀರ್ಮಾನಿಸುವುದು ಬಲ ಟೈರನ್ನು ನೆನೆದು. ಹಿಂದೆ ದಪ್ಪ ಆ್ಯಂಟಿ-ರೋಲ್ ಬಾರ್ ಇದ್ದರೆ ಎಡಬಲದ ವಾಲಿಕೆಯನ್ನು ಅದು ನೋಡಿಕೊಳ್ಳುತ್ತದೆ: ಮೆತ್ತನೆಯ 130 ಹಾಕಿ. ಬಾರ್ ಇಲ್ಲದಿದ್ದರೆ ಆ ಕೆಲಸ ಸ್ಪ್ರಿಂಗ್‌ಗಳ ಹೆಗಲಿಗೇ ಬೀಳುತ್ತದೆ: 150 ಹಾಕಿ, ಇಷ್ಟು ಚಾಚದ ಶಾಕ್ ಇದ್ದು ಎತ್ತರವೂ ಒಪ್ಪಿದರೆ 175ಕ್ಕೂ ಹೋಗಿ. ಎರಡು ಸ್ಪ್ರಿಂಗ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ವಾಲಿಕೆ ತಡೆಯುವ ಶಕ್ತಿ ಅಂತರದ ವರ್ಗದಂತೆ ಏರುತ್ತದೆ ಎಂಬುದೂ ನೆನಪಿರಲಿ. ಕಾಯಿಲ್-ಓವರ್ ಬ್ರಾಕೆಟ್‌ಗಳನ್ನು ಟೈರಿಗೆ ತಾಗದಂತೆ ಸಾಧ್ಯವಾದಷ್ಟು ಹೊರಗೆ ಬೆಸುಗೆ ಹಾಕಿಸಿ.

ಹಂತ 5: ಬಲಗಡೆಗೆ ಒಂದಿಷ್ಟು ಮುಂಗಡ

ಎಷ್ಟು ಮಾಡಿದರೂ ಬಲ ಟೈರಿಗೆ ಒಂದಿಷ್ಟು ಕೊರತೆ ಉಳಿಯಬಹುದು. ಅದನ್ನು ಮುಂಗಡವಾಗಿ ತುಂಬುವುದಕ್ಕೆ ಪ್ರೀಲೋಡ್ ಎನ್ನುತ್ತಾರೆ. ಹಳೆಯ ಜಾಗದ ಸ್ಪ್ರಿಂಗ್ ಇದ್ದರೆ ಬಲ ಸ್ಪ್ರಿಂಗ್‌ನ ಒಳಗೆ ಗಾಳಿ ಚೀಲ ಕೂರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಕಡಿಮೆ ಗಾಳಿಯಿಂದ ಶುರುಮಾಡಿ ಎರಡೆರಡು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಏರಿಸುತ್ತ ಹೋಗಿ. ಕಾಯಿಲ್-ಓವರ್ ಆದರೆ ಬಲಗಡೆಯ ನಟ್ಟನ್ನು ಒಂದು ಸುತ್ತು ಬಿಗಿ ಮಾಡಿ ನೋಡಿ. ಆ್ಯಂಟಿ-ರೋಲ್ ಬಾರ್ ಇದ್ದರೆ ಅದರ ಬಲ ಕೊಂಡಿಯಲ್ಲೇ ಇದನ್ನು ಮಾಡಬಹುದು; ಆದರೆ ಚಾಲಕ ಆಸನದಲ್ಲಿ ಕುಳಿತಿರುವಾಗ.

ಕಾರು ಬಿಟ್ಟ ತಕ್ಷಣ ಬಲಕ್ಕೆ ಎಳೆಯುತ್ತಿದ್ದರೆ ಎಡ ಟೈರು ಹೆಚ್ಚು ದುಡಿಯುತ್ತಿದೆ ಎಂದರ್ಥ, ಇನ್ನಷ್ಟು ಪ್ರೀಲೋಡ್ ಬೇಕು. ಎಡಕ್ಕೆ ಎಳೆದರೆ ಅತಿಯಾಗಿದೆ. ಆದರೆ ಮೊದಲ ಗೇರ್‌ನ ತಿರುಚುಬಲಕ್ಕೆ ಹೊಂದಿಸಿದ ಈ ಮುಂಗಡ ಎರಡನೆಯ ಗೇರ್‌ನಲ್ಲಿ, ತಿರುಚುಬಲ ಇಳಿದ ಮೇಲೆಯೂ ಅಷ್ಟೇ ಉಳಿದಿರುತ್ತದೆ. ಆದ್ದರಿಂದ ಇದನ್ನು ಒಗ್ಗರಣೆಯಂತೆ ಬಳಸಬೇಕು, ಅಡುಗೆಯಂತಲ್ಲ.

ಲೀಫ್ ಸ್ಪ್ರಿಂಗ್ ಇರುವವರಿಗೆ

ನಮ್ಮ ಲಾರಿ ಗ್ಯಾರೇಜುಗಳು ಕಮಾನು ಪಟ್ಟಿ ಎನ್ನುವ ಲೀಫ್ ಸ್ಪ್ರಿಂಗ್‌ನಲ್ಲಿ ತೋಳೂ ಅದೇ, ಸ್ಪ್ರಿಂಗೂ ಅದೇ. 1960ರ ದಶಕದ ಕ್ರೈಸ್ಲರ್ ಕಾರುಗಳು ಈ ಬಡ ಉಪಕರಣದಿಂದಲೇ ಮೆರೆದವು. ಅವುಗಳಲ್ಲಿ ಆಕ್ಸಲ್ ಪಟ್ಟಿಯ ನಡುವಿಗಿಂತ ಮುಂದೆ ಕುಳಿತಿರುತ್ತದೆ. ಮುಂದಿನ ತುಂಡು ಗಿಡ್ಡ ಮತ್ತು ಬಿರುಸು, ಆಕ್ಸಲ್ ತಿರುಚಿದಾಗ ತೋಳಿನಂತೆ ಬಾಡಿಯನ್ನು ತಳ್ಳುತ್ತದೆ. ಹಿಂದಿನ ತುಂಡು ಉದ್ದ ಮತ್ತು ಮೃದು, ಸ್ಪ್ರಿಂಗ್‌ನ ಕೆಲಸ ಮಾಡುತ್ತದೆ. ‘ಸೂಪರ್ ಸ್ಟಾಕ್’ ಎಂದು ಮಾರಿದ ಪಟ್ಟಿಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆಬೇರೆ ಭಾಗ ಸಂಖ್ಯೆ ಇತ್ತು, ಬಲದ್ದಕ್ಕೆ ಕಸುವು ಹೆಚ್ಚು. ನಿಂತ ಕಾರಿನ ಬಲ ಹಿಂಬದಿ ತುಸು ಎತ್ತರ ಕಾಣುತ್ತಿತ್ತು. ಬಲ ಟೈರಿನ ಕಥೆ ಆ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೀವು ಮಾಡಬೇಕಾದದ್ದು ಸರಳ. ಮುಂದಿನ ತುಂಡಿನಲ್ಲಿ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಹಿಡಿಕೆಗಳನ್ನು ಬಿಗಿ ಮಾಡಿ, ಹಿಂದಿನ ತುಂಡಿನವನ್ನು ಸಡಿಲಿಸಿ. ಶೆವರ್ಲೆ ಕ್ಯಾಮರೊ, ನೋವಾಗಳಂಥ ಕಾರಿನಲ್ಲಿ ಕ್ಯಾಲ್‌ಟ್ರ್ಯಾಕ್ಸ್ ಮಾದರಿಯ ಸಲಾಕೆ ಹಾಕಿ, ಅದರೊಂದಿಗೆ ಒಂಟಿ ಪಟ್ಟಿಯ ಮೃದು ಸ್ಪ್ರಿಂಗ್ ಸಾಕು. ತಿರುಚನ್ನು ಸಲಾಕೆ ಹೊರುತ್ತದೆ. ದಣಿದು ಚಪ್ಪಟೆಯಾದ ಹಳೆಯ ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವ ರಿಪೇರಿ ಲಾರಿಗೆ ಸರಿ, ಇಲ್ಲಿಗಲ್ಲ.

ಇಂಡಿಪೆಂಡೆಂಟ್ ಸಸ್ಪೆನ್ಷನ್ ಮತ್ತು ಮುಂಚಕ್ರ ಚಾಲನೆ

ಹಿಂದಿನ ಚಕ್ರಗಳು ಬೇರೆಬೇರೆಯಾಗಿ ಚಲಿಸುವ, ಅವುಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಬಾಡಿಗೇ ಕಚ್ಚಿಕೊಂಡಿರುವ ಕಾರುಗಳಲ್ಲಿ ಬಲ ಟೈರು ಏಳುವ ತೊಂದರೆಯೇ ಇಲ್ಲ. ತಿರುಚು ಬಾಡಿಯೊಳಗೇ ಮುಗಿಯುತ್ತದೆ. 2018ರ ಡಾಡ್ಜ್ ಡೀಮನ್ ಕಾರ್ಖಾನೆಯಿಂದಲೇ ಮೆತ್ತನೆಯ ಸ್ಪ್ರಿಂಗ್‌ಗಳೊಂದಿಗೆ, ಮುಂದೆ ನೂರಕ್ಕೆ 35, ಹಿಂದೆ ನೂರಕ್ಕೆ 28 ಇಳಿಸಿ, ಹಿಂದಿನ ಬಾರನ್ನೂ ಮೆತ್ತಗೆ ಮಾಡಿ ಬರಲು ಸಾಧ್ಯವಾದದ್ದು ಅದಕ್ಕೇ. ಅದನ್ನು ನೋಡಿ ಗಟ್ಟಿ ಆಕ್ಸಲ್‌ನ ಕಾರಿನ ಹಿಂದಿನ ಬಾರ್ ಬಿಚ್ಚಿದರೆ ಕೆಟ್ಟಿರಿ. ಬೆಂಗಳೂರಿನ ರಸ್ತೆಯ ಬಹುಪಾಲು ಸಣ್ಣ ಕಾರುಗಳಂಥ ಮುಂಚಕ್ರ ಚಾಲನೆಯವುಗಳಿಗೆ ಈ ಬರಹ ತಿರುವುಮುರುವು: ಅಲ್ಲಿ ಹಿಂದಕ್ಕೆ ಹೋಗುವ ತೂಕವೇ ಶತ್ರು, ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕುವುದು ಕಾರು ಕುಳಿತು ಮೂತಿ ಏಳದಿರಲಿ ಎಂದು.

ಇನ್ನು ಈ ಪಂದ್ಯದ ಅತಿ ವೇಗದ ವರ್ಗವಾದ ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರ್‌ಗಳಿಗೆ ಹಿಂದೆ ಸ್ಪ್ರಿಂಗೇ ಇಲ್ಲ. ಆಕ್ಸಲ್ ನೇರ ಚಾಸಿಗೆ ಬಿಗಿದಿರುತ್ತದೆ. ಬಾಗುವ ಚಾಸಿ ಮತ್ತು ಸುಕ್ಕುಗಟ್ಟುವ ಟೈರೇ ಅವುಗಳ ಸ್ಪ್ರಿಂಗ್.

ಹಂತ 6: ಶಾಕ್ ಮತ್ತು ಟೈರಿನೊಂದಿಗೆ ಹೊಂದಾಣಿಕೆ

ಸ್ಪ್ರಿಂಗ್ ಎಷ್ಟು ಚಲಿಸಬೇಕೆಂದು ಹೇಳುತ್ತದೆ, ಶಾಕ್ ಎಷ್ಟು ಬೇಗ ಎಂದು. ಆ್ಯಂಟಿ-ಸ್ಕ್ವಾಟ್ ಹೆಚ್ಚಿರುವ ಕಾರಿನ ಹಿಂಭಾಗ ಒಮ್ಮೆಲೇ ಚಿಮ್ಮಿ, ಶಾಕ್ ಪೂರ್ತಿ ಚಾಚಿ ಠಕ್ಕನೆ ನಿಂತರೆ, ಮರುಕ್ಷಣ ಟೈರಿನ ಮೇಲಿನ ಒತ್ತಡ ಬಿದ್ದುಹೋಗುತ್ತದೆ. ಹೊರಡುವ ಗೆರೆ ದಾಟಿ ಹತ್ತು ಅಡಿಯಲ್ಲಿ ಟೈರು ಜಾರುವುದು ಹೆಚ್ಚಾಗಿ ಈ ಕಾರಣದಿಂದ. ಶಾಕ್ ಚಾಚುವುದನ್ನು ಬಿಗಿ ಮಾಡಿ, ಸ್ಪ್ರಿಂಗ್ ಬದಲಿಸಬೇಡಿ. ಬಯಾಸ್ ಪ್ಲೈ ಸ್ಲಿಕ್‌ಗಳು, ಅಂದರೆ ಮೆದು ಪಕ್ಕೆಯ ನುಣುಪು ಓಟದ ಟೈರುಗಳು, ಪಕ್ಕೆ ಸುಕ್ಕುಗಟ್ಟಿಸಿಕೊಂಡು ಏಟು ತಾಳಿಕೊಳ್ಳುತ್ತವೆ. ಬಿರುಸು ಪಕ್ಕೆಯ ಡ್ರ್ಯಾಗ್ ರೇಡಿಯಲ್‌ಗಳು ತಾಳುವುದಿಲ್ಲ. ರೇಡಿಯಲ್ ಹಾಕಿದರೆ ಆ್ಯಂಟಿ-ಸ್ಕ್ವಾಟ್ ಅನ್ನು ನೂರರ ಆಸುಪಾಸಿಗೆ ಇಳಿಸಿ, ಶಾಕ್ ಇನ್ನಷ್ಟು ಬಿಗಿಯಾಗಿರಲಿ.

ಹಂತ 7: ಸ್ಟ್ರಿಪ್‌ನಲ್ಲಿ ಓದುವುದು

ಹೊರಡುವ ಮೊದಲು ಎರಡೂ ಹಿಂದಿನ ಶಾಕ್‌ಗಳ ದಂಡಕ್ಕೆ ಒಂದೊಂದು ಜಿಪ್ ಟೈ ಸುತ್ತಿ, ಸಿಲಿಂಡರಿನ ಬಾಯಿಗೆ ತಾಗುವಂತೆ ಇಳಿಸಿ. ಓಟದ ನಂತರ ಅದು ಎಷ್ಟು ಮೇಲೆ ಸರಿದಿದೆಯೋ ಅಷ್ಟು ಶಾಕ್ ಕುಗ್ಗಿತ್ತು ಎಂದರ್ಥ. ಬಲಗಡೆಯದು ಎಡಕ್ಕಿಂತ ಬಹಳ ಸರಿದಿದ್ದರೆ ಬಾಡಿ ವಾಲಿದೆ. ಟೈರಿನ ಪಕ್ಕೆಯಿಂದ ರಿಮ್‌ವರೆಗೆ ಬಿಳಿ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಟೈರು ರಿಮ್ ಮೇಲೆ ಜಾರಿದೆ. ಹಿಂದೆ ನೆಲಮಟ್ಟದಲ್ಲಿ ಒಬ್ಬರು ಮೊಬೈಲ್ ಹಿಡಿದು ನಿಧಾನ ಚಲನೆಯಲ್ಲಿ ಚಿತ್ರೀಕರಿಸಲಿ. ಆಮೇಲೆ, ಅನುಮತಿ ಇದ್ದರೆ, ಹೊರಡುವ ಗೆರೆಯ ಬಳಿ ಹೋಗಿ ಟೈರುಗಳ ಕಪ್ಪು ಗುರುತುಗಳನ್ನು ನೋಡಿ. ಎರಡೂ ಒಂದೇ ಅಗಲ, ಒಂದೇ ಕಪ್ಪು ಇದ್ದರೆ ಹಂಚಿಕೆ ಸರಿಯಿದೆ. ಒಂದು ದಟ್ಟವಾಗಿ, ಇನ್ನೊಂದು ಮಾಸಲಾಗಿದ್ದರೆ ಹಂತ 5ಕ್ಕೆ ಮರಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಕನಿಷ್ಠ ಮೂರು ಓಟ. ಗಾಳಿ ಒತ್ತಡ, ಶಾಕ್‌ನ ಕ್ಲಿಕ್ಕುಗಳು, ಟ್ರ್ಯಾಕಿನ ಬಿಸಿ, 60 ಅಡಿಯ ಸಮಯ, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಸಂಜೆ ತಂಪಾದಾಗ ಟ್ರ್ಯಾಕೇ ಬದಲಾಗಿ ಸಮಯ ಇಳಿದರೆ ಅದನ್ನು ಹೊಸ ಸ್ಪ್ರಿಂಗ್‌ನ ಮಹಿಮೆ ಎಂದು ಬರೆದುಕೊಂಡವರಲ್ಲಿ ನಾನೂ ಒಬ್ಬ.

ಹೊಸ ಸ್ಪ್ರಿಂಗ್ ಮೊದಲ ಹದಿನೈದು ಇಪ್ಪತ್ತು ಓಟಗಳಲ್ಲಿ ತುಸು ತಗ್ಗಬಹುದು. ಆದ್ದರಿಂದ ಕೂರಿಸಿದ ದಿನವೇ ಹಿಂದಿನ ಎರಡೂ ಚಕ್ರಕಮಾನುಗಳ ಎತ್ತರ ಅಳೆದು ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಋತುವಿನ ನಡುವೆ ಮತ್ತೆ ಅಳೆಯಿರಿ. ಕಾಲು ಇಂಚು ಇಳಿದಿದ್ದರೂ ನಟ್ಟು ತಿರುಗಿಸಿ ಹಳೆಯ ಎತ್ತರಕ್ಕೆ ತನ್ನಿ, ಚಾಲಕನನ್ನು ಕೂರಿಸಿ ಮತ್ತೊಮ್ಮೆ ತೂಗಿ.